ಮಣಿ ಎಂಬ ಎರಡಕ್ಷರ

ನಮ್ಮಜ್ಜಿಯ ಜಪಸರದಲ್ಲಿ ಒಂದು ಮಣಿ ಇರಲಿಲ್ಲ. ಹತ್ತು ಹತ್ತು ಮಣಿಗಳ ಗುಂಪಿನಲ್ಲಿ, ಮೂರನೆಯ ಹತ್ತರ ಏಳನೆಯದು. ಹಾಸನದ ಕಡೆ ನಮ್ಮ ಮನೆಯಂಗಳದಲ್ಲಿ ಯಾವುದೋ ಕಾಲದಲ್ಲಿ ದಾರ ಹರಿದು ಮಣಿಗಳೆಲ್ಲ ಚೆಲ್ಲಿಹೋಗಿದ್ದವಂತೆ. ಮನೆಮಂದಿಯೆಲ್ಲ ಬಗ್ಗಿ ಹುಡುಕಿ ಆರಿಸಿದರೂ ಒಂದು ಸಿಗಲೇ ಇಲ್ಲ. ಅಜ್ಜಿ ಅಂಗಡಿಗೆ ಹೋಗಿ ಬೇರೆ ಮಣಿ ತರಲಿಲ್ಲ. ಹೊಸ ದಾರಕ್ಕೆ ಪೋಣಿಸುವಾಗ ಆ ಜಾಗದಲ್ಲಿ ಒಂದು ಗಂಟು ಹಾಕಿ ಮುಂದಕ್ಕೆ ಹೋದಳು. ಸಂಜೆ ದೀಪ ಹಚ್ಚಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಜಪಸರ ಹೇಳುವಾಗ ನನ್ನ ಕಣ್ಣು ಆ ಗಂಟಿನ ಮೇಲೇ ಇರುತ್ತಿತ್ತು. ಅಲ್ಲಿಗೆ ಬಂದಾಗ ಅಜ್ಜಿ ಒಂದು ಪ್ರಾರ್ಥನೆ ಬಿಡುತ್ತಾಳೋ ಏನೋ ಎಂದು ಕಾಯುತ್ತಿದ್ದೆ. ಬಿಡುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ: ‘ಇಲ್ಲಿ ಮಣೀನೇ ಇಲ್ವಲ್ಲಜ್ಜಿ?’ ‘ಕೈಗೆ ಗೊತ್ತು, ನೀನು ಹೇಳು’ ಎಂದಳು.

ಆ ಗಂಟು ನನಗೆ ಮರೆತೇಹೋಗಿತ್ತು. ಎಷ್ಟೋ ವರ್ಷದ ಮೇಲೆ ಅದು ನೆನಪಾದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಬೋರ್ನ್‌ವಿಲ್ ಹಾದುಹೋಗುವ 11ನೇ ನಂಬರಿನ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರ ಮಡಿಲಲ್ಲಿ ಕಪ್ಪು ದಾರದ ಉಂಡೆ ಇತ್ತು. ಸ್ವೆಟರಿನ ಉಣ್ಣೆಯಲ್ಲ, ಬಿಗಿಯಾಗಿ ಹೊಸೆದ ಸಣ್ಣ ಹುರಿ. ಎಡಗೈಯ ಎರಡು ಬೆರಳ ಮೇಲೆ ಅದನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಸುತ್ತುತ್ತಿದ್ದರು, ಸುತ್ತಿನೊಳಗೆ ತುದಿ ತೂರಿಸುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಬೆರಳಿಂದ ಅದನ್ನು ಮೆಲ್ಲಗೆ ಜಾರಿಸಿ ಒಂದೊಂದೇ ಎಳೆಯನ್ನು ಸರದಿಯಂತೆ ಎಳೆದರು. ಜೇಡರ ಬಲೆಯ ಹಾಗೆ ಸಡಿಲವಾಗಿದ್ದದ್ದು ನೋಡನೋಡುತ್ತ ಕುಗ್ಗಿ ತೊಗರಿ ಕಾಳಿನಷ್ಟಾಗಿ ಹಿಂದಿನ ಗಂಟಿನ ಮಗ್ಗುಲಿಗೆ ಒತ್ತಿ ಕೂತಿತು. ಅಷ್ಟು ಹೊತ್ತೂ ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ಒಂದು ಗಂಟು ಮುಗಿಯಲು ಎರಡು ಸ್ಟಾಪು ಹಿಡಿಯಿತು.

ಆಕೆ ರೊಮೇನಿಯದವರು. ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ. ‘ಮತನಿ’ ಎಂದರು. ಆಮೇಲೆ, ಈ ಪದದ ಅರ್ಥ ಹೇಳುವುದು ಹೇಗೆ ಎಂದು ಯೋಚಿಸಿ, ಬಸ್ಸಿನ ಸೀಟಿನಲ್ಲಿ ಕೂತಂತೆಯೇ ತಲೆ ಬಗ್ಗಿಸಿ ಬಲಗೈಯನ್ನು ನೆಲದತ್ತ ಇಳಿಸಿ ತೋರಿಸಿದರು. ನೆಲ ಮುಟ್ಟುವಂತೆ ಬಾಗಿ ಮಾಡುವ ನಮಸ್ಕಾರಕ್ಕೂ ಅವರ ಭಾಷೆಯಲ್ಲಿ ಅದೇ ಮಾತು, ಆ ನಮಸ್ಕಾರ ಎಣಿಸುವ ಹುರಿಗೂ ಅದೇ ಮಾತು. ಮೂಲ ಗ್ರೀಕಿನ ಮೆಟನೊಯ, ಅಂದರೆ ಮನಸ್ಸು ತಿರುಗುವುದು, ಪಶ್ಚಾತ್ತಾಪ. ಮನಸ್ಸು ತಿರುಗಿದ್ದು ಮೈಯಲ್ಲಿ ಬಾಗುವುದಾಯಿತು, ಮೈ ಬಾಗಿದ್ದು ಕೈಯಲ್ಲಿ ಗಂಟಾಯಿತು.

ನನಗೆ ಮೈ ಜುಮ್ಮೆಂದಿತು. ನಮ್ಮ ಕನ್ನಡದಲ್ಲೂ ಇದೇ ಆಗಿದೆಯಲ್ಲ! ಸರದಲ್ಲಿ ಪೋಣಿಸುವುದು ಮಣಿ. ತಲೆ ಬಾಗುವುದೂ ಮಣಿ. ಒಂದು ಸಂಸ್ಕೃತದಿಂದ ಬಂದ ನಾಮಪದ, ರತ್ನ ಎಂದರ್ಥ. ಇನ್ನೊಂದು ಅಚ್ಚಗನ್ನಡದ ಕ್ರಿಯಾಪದ, ಬಗ್ಗು, ನಮಿಸು, ಒಪ್ಪಿಸಿಕೊಳ್ಳು ಎಂದರ್ಥ. ಎರಡಕ್ಕೂ ರಕ್ತಸಂಬಂಧವಿಲ್ಲ. ಬೇರೆ ಬೇರೆ ಊರಿಂದ ಬಂದ ಇಬ್ಬರು ಒಂದೇ ಹೆಸರಿಟ್ಟುಕೊಂಡು ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಇವನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಇಡಬೇಕಾದದ್ದೂ ಹಾಗೆಯೇ. ಆದರೆ ಅಜ್ಜಿಯ ಕೈಯಲ್ಲಿ ಅವೆರಡೂ ಬೇರೆಯಾಗಿರಲಿಲ್ಲ. ಒಂದೊಂದು ಮಣಿಗೂ ಅವಳ ತಲೆ ಕೂದಲೆಳೆಯಷ್ಟು ಬಾಗುತ್ತಿತ್ತು.

ಪ್ರಾರ್ಥನೆಯ ಈ ಹುರಿ ಪೂರ್ವದ ಆರ್ಥಡಾಕ್ಸ್ ಕ್ರೈಸ್ತರದು. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ, ಓದು ಬಾರದ ಸನ್ಯಾಸಿಗಳು ಪ್ರಾರ್ಥನೆಯ ಲೆಕ್ಕ ತಪ್ಪದಿರಲೆಂದು ಸಂತ ಪಕೋಮಿಯಸ್ ಗಂಟಿನ ದಾರ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಇನ್ನೊಂದು ಕಥೆ ಸಂತ ಆಂಟನಿಯದು. ಅವರು ಹಾಕಿದ ಗಂಟನ್ನೆಲ್ಲ ಸೈತಾನ ಹಿಂದಿನಿಂದಲೇ ಬಿಚ್ಚುತ್ತಿದ್ದನಂತೆ. ಕೊನೆಗೆ ಒಂದರ ಮೇಲೊಂದು ಶಿಲುಬೆ ಬರುವಂತೆ ಹಾಕುವ ಗಂಟು ಅವರಿಗೆ ಸ್ವರ್ಗದಿಂದ ತಿಳಿಯಿತು, ಅದನ್ನು ಬಿಚ್ಚಲು ಅವನಿಂದಾಗಲಿಲ್ಲ. ಬಸ್ಸಿನಲ್ಲಿ ನಾನು ಕಂಡ ಅಡ್ಡ–ಉದ್ದದ ಸುತ್ತು ಅದೇ. ಹುರಿಯಲ್ಲಿ 33 ಗಂಟಿರಬಹುದು, 50 ಇರಬಹುದು, 100 ಇರಬಹುದು. ಮಠದ ಕೋಣೆಯಲ್ಲಿ ಒಬ್ಬರೇ ಬಳಸುವ ಹುರಿಯಲ್ಲಿ 300 ಇರುವುದೂ ಉಂಟು. 33 ಎಂದರೆ ಯೇಸು ಭೂಮಿಯ ಮೇಲೆ ಬಾಳಿದ ವರ್ಷಗಳು. ತುದಿಯಲ್ಲಿ ಗಂಟಿನಿಂದಲೇ ಹೆಣೆದ ಶಿಲುಬೆ, ಕೆಲವಕ್ಕೆ ಕುಚ್ಚು. ಆ ಕುಚ್ಚು ಕಣ್ಣೀರು ಒರೆಸಿಕೊಳ್ಳಲಿಕ್ಕೆ.

ಕಟ್ಟುವ ಕ್ರಮವೇ ಇದರ ಜೀವ. ಒಂದೊಂದು ಗಂಟು ಹಾಕುವಾಗಲೂ ಪ್ರಾರ್ಥನೆ ನಡೆಯುತ್ತಿರಬೇಕು. ದೇವಕುಮಾರನಾದ ಯೇಸುವನ್ನು ಕರೆದು, ಪಾಪಿಯಾದ ನನ್ನನ್ನು ಕರುಣಿಸು ಎಂದು ಕೇಳುವ, ಒಂದೇ ಉಸಿರಿಗೆ ಹಿಡಿಸುವ ಪುಟ್ಟ ಪ್ರಾರ್ಥನೆ. ಹೀಗಾಗಿ ಈ ಹುರಿ ಕೊಳ್ಳುವವರ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಒಂದು ಸುತ್ತು ಪ್ರಾರ್ಥನೆ ಆಗಲೇ ಆಗಿಹೋಗಿರುತ್ತದೆ. ಯಾರೋ ಗುರುತಿಲ್ಲದವರು ನಮಗೆ ಮೊದಲೇ ಹೇಳಿ ಮುಗಿಸಿದ್ದರ ಮೇಲೆ ನಾವು ಬೆರಳಿಡುತ್ತೇವೆ. ನನಗೆ ಇದಕ್ಕಿಂತ ದೊಡ್ಡ ವಿಷಯ ಈ ಹುರಿಯಲ್ಲಿ ಇನ್ನೊಂದು ಕಾಣುವುದಿಲ್ಲ.

ಇಂಗ್ಲೆಂಡಿನ ನಡುನಾಡು ಮತ್ತು ಉತ್ತರದ ಊರುಗಳಲ್ಲಿ ಈ ಹುರಿಗೆ ಹಲವು ಹೆಸರು. ಬೋರ್ನ್‌ವಿಲ್‌ನಲ್ಲಿ ಚಾಕೊಲೇಟ್ ಕಾರ್ಖಾನೆಯಿಂದ ಸ್ವಲ್ಪ ದೂರದಲ್ಲಿ ಲಜಾರಿತ್ಸಾ ಎಂಬ ಸರ್ಬಿಯನ್ ಚರ್ಚ್ ಇದೆ. ಎರಡನೇ ಮಹಾಯುದ್ಧದ ನಂತರ ತಾಯ್ನಾಡಿಗೆ ಮರಳಲಾಗದೆ ಇಲ್ಲೇ ಉಳಿದ ಸರ್ಬರದು. 1968ರಲ್ಲಿ ಕಟ್ಟಿದ್ದು, 1389ರಲ್ಲಿ ಕೊಸೊವೊ ಯುದ್ಧದಲ್ಲಿ ಮಡಿದ ದೊರೆ ಲಾಜರನ ಹೆಸರಿನದು. ಇಂಗ್ಲಿಷ್ ಹುಲ್ಲುಹಾಸಿನ ನಡುವೆ ಬಾಲ್ಕನ್ ಬೆಟ್ಟದಿಂದ ಎತ್ತಿ ತಂದಿಟ್ಟಂತೆ ಕಾಣುತ್ತದೆ. ಅವರ ಬಾಯಲ್ಲಿ ಹುರಿಯ ಹೆಸರು ಬ್ರೊಯನಿತ್ಸಾ. ಬ್ರೊಯ್ ಎಂದರೆ ಸಂಖ್ಯೆ. ಮ್ಯಾಂಚೆಸ್ಟರಿಗೆ ಹತ್ತಿ ವ್ಯಾಪಾರಕ್ಕೆ ಬಂದು ನೆಲೆಸಿದ ಗ್ರೀಕರು ಪಕ್ಕದ ಸ್ಯಾಲ್‌ಫರ್ಡಿನ ಬ್ರಾಟನ್‌ನಲ್ಲಿ 1861ರ ಹೊತ್ತಿಗೇ ಚರ್ಚ್ ಕಟ್ಟಿಕೊಂಡಿದ್ದರು. ಗ್ರೀಕರಿಗೆ ಇದು ಕೊಂಬೊಸ್ಕಿನಿ, ಗಂಟಿನ ಹಗ್ಗ. ರಷ್ಯನ್ನರಿಗೆ ಚೋಟ್ಕಿ, ಎಣಿಸು, ಓದು ಎರಡೂ ಅರ್ಥವಿದ್ದ ಹಳೆಯ ಮಾತಿನಿಂದ ಬಂದದ್ದು. ಒಬ್ಬರ ಹೆಸರು ಲೆಕ್ಕವನ್ನು ಹಿಡಿಯಿತು, ಒಬ್ಬರದು ಗಂಟನ್ನು, ರೊಮೇನಿಯದವರದು ಬಾಗುವುದನ್ನು. ಹುರಿಗೆ ಉಣ್ಣೆಯೇ ಆಗಬೇಕೆಂಬುದು ಹಳೆಯ ರೂಢಿ. ಕುರುಬನಾದ ಕ್ರಿಸ್ತನ ಮಂದೆ ನಾವು ಎಂಬುದು ಅದರ ಹಿಂದಿನ ಭಾವ. ಲೀಡ್ಸ್ ಊರು ಬೆಳೆದದ್ದೇ ಉಣ್ಣೆಯಿಂದ, ಅದರ ಅಂಚಿನ ಕರ್ಕ್‌ಸ್ಟಾಲ್ ಮಠದ ಸನ್ಯಾಸಿಗಳು ಕುರಿ ಸಾಕಿಯೇ ಬಾಳಿದರು. 1152ರಲ್ಲಿ ನಿಂತ ಆ ಮಠವನ್ನು 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿಸಿದರು. ಛಾವಣಿಯಿಲ್ಲದ ಗೋಡೆಗಳು ಈಗಲೂ ಏರ್ ನದಿಯ ಪಕ್ಕ ನಿಂತಿವೆ.

ಇನ್ನು ಇಂಗ್ಲಿಷರದೇ ಮಾತು, ಬೀಡ್. ಕೊಳ್ಳುವವರೂ ಮಾರುವವರೂ ಈಗ ಇದನ್ನು ಗಾಜಿನದೋ ಪ್ಲಾಸ್ಟಿಕ್ಕಿನದೋ ಪುಟ್ಟ ಗುಂಡು ಎಂದೇ ತಿಳಿದಿದ್ದಾರೆ. ಆದರೆ ಈ ಮಾತು ಹುಟ್ಟಿದಾಗ ಅದರೊಳಗೆ ಗುಂಡೂ ಇರಲಿಲ್ಲ, ತೂತೂ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಗೆಬೆದ್, ಅಂದರೆ ಪ್ರಾರ್ಥನೆ. ಜರ್ಮನ್ನಿನಲ್ಲಿ ಇಂದಿಗೂ ಪ್ರಾರ್ಥನೆಗೆ ಗೆಬೇಟ್ ಎನ್ನುತ್ತಾರೆ. ಕಿಟ್ಟೆಲ್ ಹುಟ್ಟಿ ಬೆಳೆದ ಮನೆಯಲ್ಲಿ ದಿನಾ ಕೇಳಿಬರುತ್ತಿದ್ದ ಮಾತು ಅದೇ ಇರಬೇಕು. ಜನ ಪ್ರಾರ್ಥನೆಯನ್ನು ಸರದ ಮೇಲೆ ಎಣಿಸುತ್ತ ಎಣಿಸುತ್ತ, ಪ್ರಾರ್ಥನೆಯ ಹೆಸರು ಎಣಿಸುವ ಗುಂಡಿಗೆ ಬಂದು ಕೂತಿತು. ನಡುಗಾಲದ ಇಂಗ್ಲಿಷಿನಲ್ಲಿ ಅದರ ಉಚ್ಚಾರ ಹೆಚ್ಚುಕಡಿಮೆ ‘ಬೇಡ’ ಎಂದಿತ್ತು. ಕನ್ನಡದ ಕಿವಿ ಅದರಲ್ಲಿ ನಮ್ಮ ‘ಬೇಡು’ ಕೇಳಿಸಿಕೊಳ್ಳದೆ ಇರಲಾರದು. ಇದೂ ಬರಿಯ ಕಾಕತಾಳೀಯ. ಆದರೂ ಮೊದಲ ಸಲ ಓದಿದಾಗ ನನಗೆ ಪರದೇಶದಲ್ಲಿ ಊರಿನವರು ಸಿಕ್ಕಷ್ಟು ಸಂತೋಷವಾಗಿತ್ತು.

ಈ ಸರಗಳ ಅತಿ ಹಳೆಯ ಕಥೆಗಳಲ್ಲಿ ಒಂದು ಬರ್ಮಿಂಗ್‌ಹ್ಯಾಮಿನ ನೆರೆಯೂರು ಕವೆಂಟ್ರಿಯದು. ಗೊಡೈವಾ ಎಂದರೆ ಎಲ್ಲರಿಗೂ ನೆನಪಾಗುವುದು ಬೆತ್ತಲೆ ಕುದುರೆಯೇರಿ ಹೋದ ದೊರೆಸಾನಿ. 1949ರಿಂದ ಊರ ನಡುವೆ ನಿಂತಿರುವ ಪ್ರತಿಮೆಯೂ ಅದನ್ನೇ ತೋರಿಸುತ್ತದೆ. ಆ ಸವಾರಿಯ ಕಥೆ ಕಾಣಿಸಿಕೊಂಡದ್ದು ಆಕೆ ತೀರಿಕೊಂಡು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. ಅದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ಬೆಲೆಯದು, 12ನೇ ಶತಮಾನದ ಸನ್ಯಾಸಿ ವಿಲಿಯಂ ಆಫ್ ಮಾಮ್ಸ್‌ಬರಿ ಬರೆದಿಟ್ಟ ಸಂಗತಿ. ಗೊಡೈವಾ ತನ್ನ ಗಂಡ ಲಿಯೋಫ್ರಿಕ್ ಜೊತೆ 1043ರಲ್ಲಿ ಕವೆಂಟ್ರಿಯಲ್ಲಿ ಮಠ ಕಟ್ಟಿಸಿದವಳು. ಆಕೆಯ ಬಳಿ ದಾರದಲ್ಲಿ ಪೋಣಿಸಿದ ರತ್ನಗಳ ಒಂದು ಸರವಿತ್ತು. ಪ್ರಾರ್ಥನೆ ಹೇಳುವಾಗ ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ಲೆಕ್ಕ ಇಡುತ್ತಿದ್ದಳು, ಒಂದೂ ಬಿಟ್ಟುಹೋಗಬಾರದೆಂದು. 1067ರ ಸುಮಾರಿಗೆ ಸಾಯುವ ಹೊತ್ತಿನಲ್ಲಿ ಆ ಸರವನ್ನು ಮಠದ ಮರಿಯಮ್ಮನವರ ಪ್ರತಿಮೆಯ ಕೊರಳಿಗೆ ಹಾಕಬೇಕೆಂದು ಹೇಳಿದಳು. ಅವಳ ಸರದಲ್ಲಿದ್ದದ್ದು ರತ್ನ. ಸಂಸ್ಕೃತದ ಅರ್ಥದಲ್ಲೂ ಅದು ಮಣಿಯೇ. ಆ ಮಠವನ್ನು 1539ರಲ್ಲಿ ಮುಚ್ಚಿ ಕೆಡವಿದರು. ಸರ ಉಳಿಯಲಿಲ್ಲ.

ಪ್ರಾರ್ಥನೆ ಎಂಬ ಹಳೆಯ ಅರ್ಥ ಊರುಕೇರಿಗಳ ಹೆಸರಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ನಾರ್ತಾಂಪ್ಟನ್‌ಶೈರಿನ ಹೈಯಂ ಫೆರರ್ಸ್‌ನಲ್ಲಿ, ಆ ಊರಲ್ಲೇ ಹುಟ್ಟಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಹೆನ್ರಿ ಚಿಚೆಲಿ 15ನೇ ಶತಮಾನದಲ್ಲಿ 12 ಬಡ ಮುದುಕರಿಗಾಗಿ ಒಂದು ಮನೆ ಕಟ್ಟಿಸಿದರು. ಅದಕ್ಕೆ ಬೀಡ್ ಹೌಸ್ ಎಂದೇ ಹೆಸರು. ಇದ್ದವರ ಕೆಲಸ ಕಟ್ಟಿಸಿದವರಿಗಾಗಿ ಪ್ರಾರ್ಥಿಸುವುದು. ಮಣಿಮನೆ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ, ಬೇಡುವ ಮನೆ ಎಂದರೆ ಸರಿ.

ಹಾಗಿದ್ದರೆ ಈ ಮಾತಿನಿಂದ ಪ್ರಾರ್ಥನೆ ಸೋರಿಹೋದದ್ದು ಹೇಗೆ? ಮಾತುಗಳು ತಾವಾಗಿಯೇ ಸವೆಯುತ್ತವೆ, ನಿಜ. ಇಲ್ಲಿ ಸರ್ಕಾರದ ಕೈಯೂ ಸೇರಿತು. ಅರ್ಥವಿಲ್ಲದೆ, ಮನಸ್ಸಿಡದೆ ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆಯನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1571ರಲ್ಲಿ ಒಂದನೇ ಎಲಿಜಬೆತ್‌ಳ ಪಾರ್ಲಿಮೆಂಟು ರೋಮಿನಿಂದ ಶಿಲುಬೆ, ಚಿತ್ರ, ಜಪಮಣಿ ತರುವುದನ್ನೇ ಅಪರಾಧ ಮಾಡಿತು. ತಂದು ಹಂಚಿದವರಿಗೂ ಪಡೆದು ಧರಿಸಿದವರಿಗೂ ಆಸ್ತಿ ಮುಟ್ಟುಗೋಲು, ಸೆರೆವಾಸ. ಉತ್ತರದ ಲ್ಯಾಂಕಾಶೈರಿನಲ್ಲಿ ಹಳೆಯ ಮತ ಬಿಡದ ಮನೆಗಳು ಬಹಳ ಇದ್ದವು. ಅಲ್ಲಿ ಪ್ರಾರ್ಥನೆ ಒಳಕೋಣೆ ಸೇರಿತು. ಬೀದಿಯಲ್ಲಿ ಉಳಿದದ್ದು ಕೊರಳ ಅಲಂಕಾರ. ಪ್ರಾರ್ಥನೆಯ ಹೆಸರು ಹೊತ್ತ ಗುಂಡು ತಾನು ಏನೆಂದು ಮರೆಯಿತು. ಮನಸ್ಸಿಲ್ಲದ ಎಣಿಕೆ ಬೇಡವೆಂದ ಕ್ರಾಮ್‌ವೆಲ್‌ನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೆರಳು ಮುಂದೆ ಹೋಗಿ ಮನಸ್ಸನ್ನು ಕರೆದುಕೊಂಡು ಬರುವ ದಿನಗಳೂ ಇರುತ್ತವೆ. ಮಗ ತೀರಿಕೊಂಡ ವರ್ಷ ಅಜ್ಜಿಗೆ ಮನಸ್ಸೇ ಇರಲಿಲ್ಲ, ಬೆರಳು ಮಾತ್ರ ಇತ್ತು. ಆ ಬೆರಳೇ ಅವಳನ್ನು ದಡ ಮುಟ್ಟಿಸಿತು.

ಎಣಿಸು ಎಂಬ ನಮ್ಮ ಮಾತನ್ನೇ ನೋಡಿ. ದುಡ್ಡೂ ಎಣಿಸುತ್ತೇವೆ. ಕರಾವಳಿಯವರು ‘ನಾನು ಹಾಗೆ ಎಣಿಸಿದ್ದೆ’ ಎಂದರೆ ಹಾಗೆ ಭಾವಿಸಿದ್ದೆ ಎಂದರ್ಥ. ಲೆಕ್ಕವೂ ಭಾವವೂ ಒಂದೇ ಮಾತಿನಲ್ಲಿವೆ. ಇಂಗ್ಲಿಷಿನಲ್ಲಿ ಮಣಿ ಎಣಿಸುವುದಕ್ಕೆ ಮಣಿ ಹೇಳುವುದು ಎನ್ನುತ್ತಾರೆ. ಹೇಳು ಎಂಬರ್ಥದ ಅವರ ಟೆಲ್‌ಗೆ ಎಣಿಸು ಎಂಬುದು ಹಳೆಯ ಅರ್ಥ. ಬ್ಯಾಂಕಿನ ಟೆಲ್ಲರ್‌ನಲ್ಲಿ ಅದು ಈಗಲೂ ಇದೆ. ಜಪಸರ ಹೇಳೋಣ ಬನ್ನಿ ಎಂದು ಅಜ್ಜಿ ಕರೆಯುತ್ತಿದ್ದದ್ದೂ ಹಾಗೆಯೇ.

ಕನ್ನಡದ ಮಣಿಯ ಸಂಸಾರ ದೊಡ್ಡದು. ಕೇಶಿರಾಜ 13ನೇ ಶತಮಾನದಲ್ಲಿ ಬರೆದ ವ್ಯಾಕರಣಕ್ಕೆ ಶಬ್ದಮಣಿದರ್ಪಣ ಎಂದು ಹೆಸರಿಟ್ಟ, ಪದವನ್ನೇ ರತ್ನವೆಂದು ಕಂಡ. ಮದುವೆಯ ಕೊರಳಿಗೆ ಕರಿಮಣಿ. ಲೀಡ್ಸಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಹಾಸನದ ಹುಡುಗಿಯ ಸಮವಸ್ತ್ರದೊಳಗೂ ಅದು ಬೆಚ್ಚಗೆ ಇರುತ್ತದೆ. ಮುಂಗೈ ತಿರುಗುವಲ್ಲಿ ಮಣಿಕಟ್ಟು. ಜಪಮಾಲೆಯಲ್ಲಿ ದಾಟಬಾರದ ಮೇರುಮಣಿ. ಹೀಗೆ ನಾಮಪದಕ್ಕೆ ಕುಂದಿಲ್ಲ. ಕ್ರಿಯಾಪದದ ಪಾಡು ಮಾತ್ರ ನನಗೆ ಸಂಕಟ ತರುತ್ತದೆ. ಪತ್ರಿಕೆ ತೆರೆದರೆ ಒತ್ತಡಕ್ಕೆ ಮಣಿದ ಸರ್ಕಾರ, ಇಂಗ್ಲೆಂಡ್ ತಂಡವನ್ನು ಮಣಿಸಿದ ಭಾರತ. ಮಣಿಯುವುದೆಂದರೆ ಸೋಲುವುದು, ಮಣಿಸುವುದೆಂದರೆ ಸೋಲಿಸುವುದು ಎಂದಷ್ಟೇ ಆಗುತ್ತಿದೆ. ಹಿರಿಯರ ಮುಂದೆ ಮಣಿದು ಎದ್ದವರು ಸೋತು ಏಳುತ್ತಿರಲಿಲ್ಲ. ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಕೈಕೆಲಸವೇ ಪೂಜೆ ಎಂಬ ಮಾತು ಕನ್ನಡದವರಿಗೆ ಮರುಭೂಮಿಯ ಸನ್ಯಾಸಿಗಳಿಂದ ಕಲಿಯಬೇಕಾದದ್ದಲ್ಲ. ಹುರಿ ಹೊಸೆಯುವ ಶರಣನೇ ನಮ್ಮಲ್ಲಿದ್ದ. 12ನೇ ಶತಮಾನದ ನುಲಿಯ ಚಂದಯ್ಯ. ಹುಲ್ಲು ಕೊಯ್ದು, ಹಗ್ಗ ನುಲಿದು, ಮಾರಿ, ಬಂದದ್ದರಲ್ಲಿ ಜಂಗಮರಿಗೆ ಉಣಬಡಿಸಿದವನು. ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗವೇ ಜಾರಿ ನೀರಿಗೆ ಬಿತ್ತಂತೆ. ಚಂದಯ್ಯ ನಿಲ್ಲಲಿಲ್ಲ, ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಹಿಂದೆ ಬಂತು, ಹಗ್ಗ ಮಾರುವ ಕಾಯಕಕ್ಕೆ ಅದೂ ಒಪ್ಪಬೇಕಾಯಿತು ಎಂದು ಕಥೆ. ಬಸ್ಸಿನಲ್ಲಿ ಆ ರೊಮೇನಿಯದ ತಾಯಿಯ ಬೆರಳು ನೋಡುವಾಗ ನನ್ನ ಮನಸ್ಸಿಗೆ ಬಂದವನು ಅವನೇ. ಅವನ ಹಗ್ಗದಲ್ಲಿ ದನ ಕಟ್ಟಿದರು, ಇವರ ಹಗ್ಗದಲ್ಲಿ ಪ್ರಾರ್ಥನೆ ಎಣಿಸುತ್ತಾರೆ. ನುಲಿಯುವ ಬೆರಳಿನ ಭಕ್ತಿ ಎರಡರಲ್ಲೂ ಒಂದೇ.

ನಾನೂ ಕಲಿಯಲು ಕೂತೆ. ಬರ್ಮಿಂಗ್‌ಹ್ಯಾಮಿನ ಬುಲ್ ರಿಂಗ್ ಹತ್ತಿರದ ರ‍್ಯಾಗ್ ಮಾರ್ಕೆಟ್ಟಿನಲ್ಲಿ ಕಪ್ಪು ಹುರಿ ಕೊಂಡೆ. ಆ ತಾಯಿಯೇ ತೋರಿಸಿಕೊಟ್ಟರು. ಮೊದಲ ವಾರ ಒಂದು ಗಂಟೂ ಕೂರಲಿಲ್ಲ. ಸುತ್ತು ಸರಿಯಾಗಿರುತ್ತಿತ್ತು, ಎಳೆಯುವಾಗ ಒಂದು ಎಳೆ ಮುಂದಾಗಿ ಇಡೀ ಗಂಟು ಒಂದು ಪಕ್ಕಕ್ಕೆ ವಾಲುತ್ತಿತ್ತು. ಅವಸರ ಮಾಡಿದ್ದು ಅಲ್ಲಿ ಕಂಡುಬಿಡುತ್ತದೆ. ಬಿಚ್ಚಲು ಸೂಜಿ ಬೇಕು, ಬೆಳಕು ಬೇಕು. ಬಿಚ್ಚುವಾಗಲೂ ಪ್ರಾರ್ಥನೆ ನಿಲ್ಲಿಸಬೇಡ ಎಂದು ಅವರು ಹೇಳಿದ್ದರು. ಹಾಗಾಗಿ ಕಟ್ಟಿದ್ದಕ್ಕಿಂತ ಬಿಚ್ಚಿದ್ದರಲ್ಲೇ ನನ್ನ ಪ್ರಾರ್ಥನೆ ಹೆಚ್ಚು ಆಯಿತು. ಒಂಬತ್ತನೆಯ ದಿನ ಒಂದು ಗಂಟು ನೆಟ್ಟಗೆ ಕೂತಿತು. ಕಣ್ಣುಮುಚ್ಚಿ ಬೆರಳಿಟ್ಟೆ. ಅಜ್ಜಿಯ ಜಪಸರದ ಮೂರನೆಯ ಹತ್ತರ ಏಳನೆಯ ಜಾಗ ಕೈಗೆ ಸಿಕ್ಕಿತು.

ಗಂಟಿಗೆ ಗಮನ ಕೊಟ್ಟಾಗ ತಲೆ ತಾನಾಗಿ ಬಾಗಿರುತ್ತದೆ, ಬೇರೆ ದಾರಿಯೇ ಇಲ್ಲ. ಅಷ್ಟು ಸಣ್ಣ ಕೆಲಸವನ್ನು ತಲೆಯೆತ್ತಿ ಮಾಡಲಾಗದು. ಮಣಿ ಮಾಡಲು ಮಣಿಯಲೇಬೇಕು. ಕನ್ನಡದ ಎರಡು ಮಣಿಗಳು ಯಾವ ವ್ಯುತ್ಪತ್ತಿಯ ಹಂಗೂ ಇಲ್ಲದೆ ಒಂದಾಗುವುದನ್ನು ನಾನು ನನ್ನ ಕೈಯಲ್ಲೇ ಕಂಡೆ. ಕಿಟ್ಟೆಲ್ ಅವರ ಪುಟ ಹಾಗೇ ಇರಲಿ. ಈ ಇಬ್ಬರು ಒಂದೇ ಮನೆಯಲ್ಲಿ ಬಾಳಿದ್ದು ಸುಮ್ಮನೆ ಅಲ್ಲ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳ ಕನ್ನಡ ಮನೆಗಳಲ್ಲಿ ವಾರದ ಕೊನೆಗೆ ಮಕ್ಕಳಿಗೆ ಅಕ್ಷರ ಕಲಿಸುವ ತಾಯಂದಿರಿಗೆ, ತಂದೆಯಂದಿರಿಗೆ ನನ್ನದೊಂದು ವಿನಂತಿ. ಮಣಿ ಎಂಬ ಮಾತಿಗೆ ನೀವು ಬಣ್ಣದ ಗುಂಡಿನ ಚಿತ್ರ ತೋರಿಸುತ್ತೀರಿ. ಅದರ ಪಕ್ಕದಲ್ಲಿ ಕೈಮುಗಿದು ಬಾಗಿರುವ ಒಬ್ಬ ಅಜ್ಜಿಯ ಚಿತ್ರವನ್ನೂ ಅಂಟಿಸಿ.